ಇಂಜಿನ್ ಬದಲಾಯಿಸದೆ ಕಂಟೆಸ್ಸಾ ದಿನಬಳಕೆಗೆ: ನನ್ನ ಅನುಭವ

ಹಿಂದೂಸ್ತಾನ್ ಮೋಟಾರ್ಸ್‌ನ ಹಳೇ ಕಾರು ಕಂಟೆಸ್ಸಾವನ್ನು ಗ್ಯಾರೇಜಿಗೆ ತಂದವರಿಗೆ ಸಿಗುವ ಮೊದಲ ಸಲಹೆ ಎಲ್ಲ ಕಡೆ ಒಂದೇ: "ಇಂಜಿನ್ ತೆಗೆದು ಬೇರೆ ಕೂರಿಸ್ಬಿಡಿ ಸಾರ್, ಇದನ್ನ ದಿನಾ ಓಡಿಸೋಕಾಗಲ್ಲ." ಎರಡನೆಯದು, ಎಸಿ ಆಸೆ ಬಿಡಿ ಅನ್ನೋದು. ನನ್ನ ಕಂಟೆಸ್ಸಾ ಕ್ಲಾಸಿಕ್ ಈಗ ಅದೇ ಇಸುಜು 1.8 ಪೆಟ್ರೋಲ್ ಇಂಜಿನ್‌ನಲ್ಲಿ, ಎಸಿ ಹಾಕಿಕೊಂಡು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಏಪ್ರಿಲ್ ಮಧ್ಯಾಹ್ನದ ಜಾಮ್‌ನಲ್ಲಿ 95 ಡಿಗ್ರಿ ದಾಟದೆ ನಿಲ್ಲುತ್ತೆ. ಆಗಲ್ಲ ಅಂದವರೇ ಈಗ ಬಾನೆಟ್ ಎತ್ತಿಸಿ ನೋಡುತ್ತಾರೆ. ಈ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸೋದು ಬಿಸಿ, ಕರೆಂಟು, ಬ್ರೇಕು, ಈ ಮೂರೇ. ಶಕ್ತಿ ಸಾಲದೆ ನಿಂತ ಕಂಟೆಸ್ಸಾ ನಾನು ಕಂಡಿಲ್ಲ.

1984ರಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ ಹೊರಬಂದ ಮೊದಲ ಗಾಡಿಗಳ ಮಾತು ಬೇರೆ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಂಶದ ಅಷ್ಟು ದೊಡ್ಡ ಬಾಡಿಗೆ ಅಂಬಾಸಿಡರ್‌ನ 1.5 ಇಂಜಿನ್, ಸುಮಾರು 50 ಎಚ್‌ಪಿ. ಅದು ಏದುಸಿರು ಬಿಡುತ್ತೆ, ನಿಜ. ಆದರೆ 1817 ಸಿಸಿ ಇಸುಜು, 88ರ ಆಸುಪಾಸು ಎಚ್‌ಪಿ, ಐದು ಗೇರ್: ಇಂದಿನ ಹೆದ್ದಾರಿಗೂ ಇದು ಸಾಕು. ಬಿಡಿಭಾಗ ಸಿಗಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಇದೇ ಇಂಜಿನ್ ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲೂ ಇತ್ತು. ಜೆ.ಸಿ. ರಸ್ತೆಯಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ "ಕಂಟೆಸ್ಸಾ ವಾಟರ್ ಪಂಪ್" ಅಂತ ಕೇಳಬೇಡಿ, "ಐಎಸ್‌ಝಡ್ ಅಂಬಾಸಿಡರ್‌ದು" ಅನ್ನಿ. ರೇಟು ಅರ್ಧಕ್ಕೆ ಬರುತ್ತೆ.

ಕಾನೂನಿನ ಲೆಕ್ಕವೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗಬೇಕು. ಕೊನೆಯ ಕಂಟೆಸ್ಸಾ ತಯಾರಾದದ್ದು 2002ರಲ್ಲಿ, ಹಾಗಾಗಿ ಎಲ್ಲವೂ 15 ವರ್ಷ ದಾಟಿವೆ. ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣದ ಫಾರ್ಮ್ 25 ಹಾಕಿ ತಪಾಸಣೆಗೆ ನಿಲ್ಲಿಸಲೇಬೇಕು. ಬೇರೆ ಕಂಪನಿಯ ಡೀಸೆಲ್ ಇಂಜಿನ್ ಕೂರಿಸಿದ ಗಾಡಿಗಳು ಅಲ್ಲೇ ಸಿಕ್ಕಿಬೀಳುವುದು.

ಬಾಡಿ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಜಾಕ್ ಪಾಯಿಂಟ್‌ನಲ್ಲಿ ಎತ್ತಿ, ಮುಂಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಕಂಬಕ್ಕೆ ತಾಗಿದರೆ ಕೆಳಗಿನ ಸಿಲ್ (ಬಾಗಿಲ ಅಡಿಯ ಟೊಳ್ಳು ತಗಡಿನ ತೊಲೆ) ಒಳಗೆ ಏನೂ ಉಳಿದಿಲ್ಲ ಅಂತ ಅರ್ಥ. ಸಿಲ್ ಕತ್ತರಿಸುವ ಮೊದಲು ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟಸವಾಗಿ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಒಂದಿಂಚಿನ ಚೌಕ ಪೈಪನ್ನು ಉದ್ದಕ್ಕೂ ಓರೆಗೂ ಚುಕ್ಕೆ ವೆಲ್ಡ್‌ನಲ್ಲಿ ಹಿಡಿಸಿ. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದು ಬದಿ ಮುಟ್ಟಬಾರದು. ಫ್ಲೋರ್‌ಗೆ 18 ಗೇಜ್, ವೀಲ್ ಆರ್ಚ್‌ಗೆ 20 ಗೇಜ್ ಶೀಟ್. ಗ್ಯಾಸ್ ವೆಲ್ಡಿಂಗ್ ಬೇಡವೇ ಬೇಡ, ಶೀಟ್ ಅಲೆಯಾಗಿ ಆಮೇಲೆ ಅರ್ಧ ಇಂಚು ಪುಟ್ಟಿ ಬಳಿಯಬೇಕಾಗುತ್ತೆ. ಸಿಒಟೂ ವೆಲ್ಡಿಂಗ್, 0.8 ಮಿ.ಮೀ. ವೈರ್, ಇಂಚಿಗೊಂದು ಚುಕ್ಕೆ, ನಡುವೆ ತಣಿಯಲು ಸಮಯ. ಫ್ಲೋರ್ ಮತ್ತೆ ಮತ್ತೆ ತುಕ್ಕು ಹಿಡಿಯುತ್ತಿದ್ದರೆ ಕಾರಣ ಮೇಲಿರುತ್ತೆ: ಮುಂದಿನ ಗಾಜಿನ ರಬ್ಬರ್ ಕೆಳಗಿನ ಚಾನೆಲ್ ತೂತಾಗಿ ಮಳೆನೀರು ಒಳಗಿಂದ ಇಳಿಯುತ್ತೆ. ಅದನ್ನು ಮುಚ್ಚದೆ ಫ್ಲೋರ್‌ಗೆ ದುಡ್ಡು ಸುರಿಯಬೇಡಿ.

ಈಗ ಬಿಸಿಯ ವಿಷಯ. ಅತಿ ಹೆಚ್ಚು ದುಡ್ಡು ವ್ಯರ್ಥವಾದದ್ದು ಇಲ್ಲೇ.

ಮೊದಲ ಪ್ರಯತ್ನ, ರೇಡಿಯೇಟರ್‌ನ ಮೂರು ಸಾಲು ಕೊಳವೆಯ ಕೋರ್ ತೆಗೆಸಿ ನಾಲ್ಕು ಸಾಲಿನದು. ಹದಿಮೂರು ಸಾವಿರದಷ್ಟು ಹೋಯಿತು. ಹೈವೇಯಲ್ಲಿ ಚೆನ್ನ, ಸಿಗ್ನಲ್‌ನಲ್ಲಿ ಮೊದಲಿಗಿಂತ ಕೆಟ್ಟದು. ಕೋರ್ ದಪ್ಪವಾದಷ್ಟೂ ಗಾಳಿ ಎಳೆಯೋದು ಕಷ್ಟ, ಗಾಡಿ ನಿಂತಾಗ ಹಳೇ ಫ್ಯಾನ್‌ಗೆ ಅಷ್ಟು ತಾಕತ್ತಿಲ್ಲ. ಎರಡನೆಯದು, ಮುಂದಿನಿಂದ ತಳ್ಳುವ ಎಲೆಕ್ಟ್ರಿಕ್ ಫ್ಯಾನ್. ಎಸಿ ಕಂಡೆನ್ಸರ್, ಅದರ ಮುಂದೆ ಫ್ಯಾನ್, ಹಿಂದೆ ಹಳೇ ಫ್ಯಾನ್: ಓಡುವಾಗ ಬರುವ ಗಾಳಿಗೂ ಅಡ್ಡ. ಎರಡು ಮೂರು ಡಿಗ್ರಿ ಇಳಿಯಿತೇ ಹೊರತು ಪ್ರಯೋಜನವಾಗಲಿಲ್ಲ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಕವಾಟ) ತೆಗೆದು ಬಿಸಾಕುವ ಪದ್ಧತಿಯನ್ನೂ ಪರೀಕ್ಷಿಸಿ ನೋಡಿದೆ. ಜಾಮ್‌ನಲ್ಲಿ ಥರ್ಮೋಸ್ಟಾಟ್ ಹೇಗೂ ಪೂರ್ತಿ ತೆರೆದಿರುತ್ತೆ, ತೆಗೆದರೆ ಲಾಭವಿಲ್ಲ. ಬೆಳಗಿನ ಹೊತ್ತು, ಹೈವೇಯಲ್ಲಿ ಇಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಕುಡಿಯುತ್ತೆ, ಆಯಿಲ್ ಕೆಸರಾಗುತ್ತೆ. 82 ಡಿಗ್ರಿಯದನ್ನು ಮತ್ತೆ ಹಾಕಿದೆ.

ಗುಟ್ಟು ಬ್ಲಾಕ್ ಒಳಗಿತ್ತು. ಇಂಜಿನ್ ಇಳಿಸಿದಾಗ ಪಕ್ಕದ ಕೋರ್ ಪ್ಲಗ್‌ಗಳನ್ನೆಲ್ಲ (ಬ್ಲಾಕಿನ ನೀರಿನ ದಾರಿಯ ತೂತು ಮುಚ್ಚುವ ಬಿಲ್ಲೆಗಳು) ಹೊಡೆದು ತೆಗೆದೆ. ಮುಂದಿನ ಎರಡು ತೂತುಗಳಲ್ಲಿ ಸಿಲಿಂಡರ್ ಗೋಡೆ ಕಾಣುತ್ತಿತ್ತು. ಹಿಂದಿನದರಲ್ಲಿ ಬರೀ ಕಂದು ಬಣ್ಣದ ಗಟ್ಟಿ ಪದರ. ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಕೆರೆದರೆ ಹೆಪ್ಪುಗಟ್ಟಿದ ತುಕ್ಕು ಚಕ್ಕೆ ಚಕ್ಕೆಯಾಗಿ ಬಂತು, ಎರಡು ಬೊಗಸೆಗೆ ಕಡಿಮೆಯಿಲ್ಲ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಇಂಜಿನ್ನಿನ ಪಾಡು ಇದು. ನಾಲ್ಕನೇ ಸಿಲಿಂಡರ್ ಸುತ್ತ ನೀರೇ ಓಡುತ್ತಿರಲಿಲ್ಲ, ಹೆಡ್ ಗ್ಯಾಸ್ಕೆಟ್ ಪ್ರತಿ ಸಲ ಅಲ್ಲೇ ಸುಡುತ್ತಿದ್ದುದು ಅದಕ್ಕೇ. ಕೆಮಿಕಲ್ ಫ್ಲಶ್ ಈ ಪದರವನ್ನು ಮುಟ್ಟುವುದೂ ಇಲ್ಲ. ಕೆರೆದು, ಪ್ರೆಷರ್ ನೀರು ಹೊಡೆದು, ಪ್ಲಗ್‌ಗಳನ್ನು ಹಿತ್ತಾಳೆಯವಕ್ಕೆ ಬದಲಾಯಿಸಿದೆ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಕಬ್ಬಿಣ. ಒಮ್ಮೆ ಕಾದರೆ ಹೆಡ್ ಬಾಗುತ್ತೆ. ಸ್ಟ್ರೈಟ್ ಎಡ್ಜ್ ಇಟ್ಟು 0.05 ಮಿ.ಮೀ. ದಪ್ಪದ ಫೀಲರ್ ಪಟ್ಟಿ ಎಲ್ಲೂ ನುಸುಳಬಾರದು. ನುಸುಳಿದರೆ ಲೇತ್‌ನವರಿಗೆ "ಬೇಕಾದಷ್ಟೇ ತೆಗೆಯಿರಿ" ಅಂತ ಎದುರಲ್ಲೇ ನಿಂತು ಹೇಳಿ.

ಆಮೇಲೆ ಮತ್ತೆ ಮೂರು ಸಾಲಿನ ಕೋರ್, ಫಿನ್ ಮಾತ್ರ ಹತ್ತಿರ ಹತ್ತಿರ. ಹಳೇ ಫ್ಯಾನ್ ಕಳಚಿ ಹಿಂದಿನಿಂದ ಎಳೆಯುವ 14 ಇಂಚಿನ ಎಲೆಕ್ಟ್ರಿಕ್ ಫ್ಯಾನ್, ಕೋರ್ ಪೂರ್ತಿ ಮುಚ್ಚುವ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಸಮೇತ. ಶ್ರೌಡ್ ಒಳಗಿನ ಫ್ಯಾನ್ ಕೋರ್‌ನಿಂದ ಒಂದೂವರೆ ಇಂಚಾದರೂ ದೂರವಿರಬೇಕು. ಫ್ಯಾನ್ ಅಂಟಿಕೊಂಡೇ ಇದ್ದರೆ ಅದರ ವೃತ್ತದಷ್ಟು ಜಾಗ ಮಾತ್ರ ತಣ್ಣಗಾಗುತ್ತೆ. ಫ್ಯಾನ್ ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್. ಎಸಿ ಹಾಕಿದರೆ ಫ್ಯಾನ್ ಸದಾ ಓಡುವಂತೆ ಇನ್ನೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್). ರೇಡಿಯೇಟರ್ ಕ್ಯಾಪ್ 0.9 ಬಾರ್, ಆ ಒತ್ತಡದಲ್ಲಿ ಬರೀ ನೀರೇ 118 ಡಿಗ್ರಿಯವರೆಗೆ ಕುದಿಯಲ್ಲ.

ಇನ್ನೊಂದು ಕೆಲಸ ಯಾರೂ ಮಾಡುವುದಿಲ್ಲ, ಖರ್ಚು ಮುನ್ನೂರು ರೂಪಾಯಿ. ರೇಡಿಯೇಟರ್ ಮತ್ತು ಮುಂದಿನ ಪ್ಯಾನೆಲ್ ನಡುವಿನ ಸಂದುಗಳಿಗೆಲ್ಲ ಫೋಮ್ ಪಟ್ಟಿ ಅಂಟಿಸಿ, ಬಂಪರ್ ಕೆಳಗಿನ ತಗಡನ್ನು ಮತ್ತೆ ಕೂರಿಸಿ. ಗಾಡಿ ನಿಂತಾಗ ಇಂಜಿನ್ ಕಡೆಯ ಬಿಸಿಗಾಳಿ ಆ ಸಂದುಗಳಿಂದಲೇ ಮುಂದೆ ಬಂದು ಮತ್ತೆ ರೇಡಿಯೇಟರ್‌ಗೆ ಹೋಗುತ್ತೆ. ಇದೊಂದರಿಂದ ಜಾಮ್‌ನಲ್ಲಿ ಆರೇಳು ಡಿಗ್ರಿ ಇಳಿಯಿತು.

ಪೆಟ್ರೋಲ್ ಇಲ್ಲಿಗೆ ಸೇರಿದ ವಿಷಯವೇ, ಏಕೆಂದರೆ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ ಕಾರ್ಬ್ಯುರೇಟರ್‌ನ ಹಳೇ ಜೆಟ್‌ನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯಾಗುತ್ತೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಮುಗ್ಗರಿಸುತ್ತೆ. ಬರೀ ಪೆಟ್ರೋಲ್‌ಗೆ ತೂಕದ ಲೆಕ್ಕದಲ್ಲಿ ಗಾಳಿಯ ಅನುಪಾತ 14.7 ಆದರೆ ಇ20ಗೆ ಸುಮಾರು 13.6. ಇಂಧನ ಶೇ. 8ರಷ್ಟು ಜಾಸ್ತಿ ಬೇಕು, ಅಂದರೆ ಜೆಟ್ ವ್ಯಾಸ ಶೇ. 4 ಹೆಚ್ಚಿದರೆ ಸಾಕು. 110ರ ಜೆಟ್ ಇದ್ದಲ್ಲಿ 115. ಡ್ರಿಲ್ ಬಿಟ್‌ನಲ್ಲಿ ಕೊರೆದ ಜೆಟ್ ಯಾವತ್ತೂ ಸರಿಬರಲ್ಲ, ಒಳಗೋಡೆ ಗೀರಾಗಿ ಹರಿವು ಕೆಡುತ್ತೆ. ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗಿನ) ಜೆಟ್ಟನ್ನೂ ಅದೇ ಲೆಕ್ಕದಲ್ಲಿ ಬದಲಾಯಿಸಿ, ಮುಗ್ಗರಿಕೆ ಹೋಗೋದು ಅದರಿಂದಲೇ. ಹಳೇ ರಬ್ಬರ್ ಹೋಸ್‌ಗಳು ಎಥನಾಲ್‌ಗೆ ಒಳಗಿಂದ ಅಂಟಂಟಾಗಿ ಕರಗಿ ನೀಡಲ್ ವಾಲ್ವ್‌ಗೆ ಬಂದು ಕೂರುತ್ತವೆ. ಮೇಲೆ ಜೆ30 ಆರ್9 ಅಂತ ಅಚ್ಚಾಗಿರುವ ಹೋಸ್ ಮಾತ್ರ ಹಾಕಿ. ಕಾರ್ಬ್ಯುರೇಟರ್ ಕೆಳಗೆ 8 ಮಿ.ಮೀ. ಬೇಕಲೈಟ್ ಪ್ಯಾಕಿಂಗ್, ಜೊತೆಗೆ ಟ್ಯಾಂಕ್‌ಗೆ ಮರಳುವ ಲೈನ್‌ನಲ್ಲಿ 1.5 ಮಿ.ಮೀ. ತೂತು: ಇವೆರಡು ಇದ್ದರೆ ಬಂಕ್‌ನಲ್ಲಿ ನಿಲ್ಲಿಸಿದ ಬಿಸಿ ಗಾಡಿ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುವುದು ತಪ್ಪುತ್ತೆ. ಎಲೆಕ್ಟ್ರಿಕ್ ಪಂಪ್ ಹಾಕುವವರು ಒತ್ತಡ 4 ಪಿಎಸ್ಐ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಓವರ್‌ಫ್ಲೋ ಖಚಿತ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಡಯಾಫ್ರಂ ಹರಿದಿದೆಯೇ ಅಂತ ಪೈಪ್ ಬಾಯಲ್ಲಿಟ್ಟು ಹೀರಿ ನೋಡಿ. ನಾಲಿಗೆಗೆ ಅಂಟಿಕೊಂಡು ನಿಲ್ಲಬೇಕು. ವೇಗ ಏರಿದಂತೆ ಕಿಡಿ ಬೇಗ ಹಾರಿಸುವ ಅಡ್ವಾನ್ಸ್ ಸ್ಪ್ರಿಂಗ್‌ಗಳನ್ನೂ ಬದಲಾಯಿಸಿದ್ದೇನೆ. ಪಿಕಪ್ ಬಂದದ್ದು ಮುಕ್ಕಾಲು ಪಾಲು ಅಲ್ಲಿಂದ. ಅವು ಯಾವ ಗಾಡಿಯವು ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಕರೆಂಟು. ಫ್ಯಾನ್ 13 ಆಂಪ್, ಹೆಡ್‌ಲೈಟ್ 10, ಬ್ಲೋವರ್ 10, ಎಸಿ ಕ್ಲಚ್ 4, ವೈಪರ್ 4, ಇಗ್ನಿಷನ್ 4. ಮಳೆಗಾಲದ ರಾತ್ರಿ ಕೂಡಿದರೆ 45 ಆಗುತ್ತೆ. ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಐಡಲ್‌ನಲ್ಲಿ ಕೊಡುವುದು ತನ್ನ ತಾಕತ್ತಿನ ಅರ್ಧದಷ್ಟು. ಹಳೇ ಆಲ್ಟರ್ನೇಟರ್ ಮೇಲೆ ಎಲೆಕ್ಟ್ರಿಕ್ ಫ್ಯಾನ್ ಹಾಕಿದವರ ಬ್ಯಾಟರಿ ಆರು ತಿಂಗಳಿಗೆ ಸಾಯುವುದು ಇದಕ್ಕೇ. 70 ಆಂಪ್‌ನದು ಹಾಕಿ, ಬ್ಯಾಟರಿಗೆ 10 ಚದರ ಮಿ.ಮೀ. ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಇಂಜಿನ್‌ನಿಂದ ಬಾಡಿಗೆ ಹೊಸ ಅರ್ಥ್ ಪಟ್ಟಿ, ಪೇಂಟ್ ಕೆರೆದು. ಹೆಡ್‌ಲೈಟಿಗೆ ರಿಲೇ ಇಲ್ಲದಾಗ ಬಲ್ಬ್ ತುದಿಯಲ್ಲಿ ಅಳೆದರೆ 12 ವೋಲ್ಟ್ ಸಿಗುತ್ತಿತ್ತು, ಬ್ಯಾಟರಿಯಲ್ಲಿ 13.5. ಒಂದೂವರೆ ವೋಲ್ಟ್ ಕಡಿಮೆ ಅಂದರೆ ಬೆಳಕು ಮೂರನೇ ಒಂದು ಭಾಗ ಹೋಯಿತು ಅಂತ. ಎರಡು ರಿಲೇ, ನಾಲ್ಕು ಮೀಟರ್ ವೈರ್, ಅಷ್ಟೇ ಕೆಲಸ. ನಡುವೆ ಎಲ್‌ಇಡಿ ಬಲ್ಬ್ ಕೂಡ ಹಾಕಿ ನೋಡಿದೆ: ಹಳೇ ರಿಫ್ಲೆಕ್ಟರ್‌ನಲ್ಲಿ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತೆ, ರಸ್ತೆಗೆ ಬೀಳಲ್ಲ. 60/55 ಹ್ಯಾಲೊಜನ್ ಮತ್ತು ರಿಲೇ, ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಎಸಿಗೆ ಹಳೇ ಟ್ಯೂಬ್ ಕಂಡೆನ್ಸರ್ ಬಿಟ್ಟು ಪ್ಯಾರಲಲ್ ಫ್ಲೋ ಹಾಕಿದೆ, ಅಷ್ಟೇ ಜಾಗದಲ್ಲಿ ಕೆಲಸ ಜಾಸ್ತಿ. ಕಂಪ್ರೆಸರ್ ಸಣ್ಣ ಹ್ಯಾಚ್‌ಬ್ಯಾಕ್‌ದು ಸಾಲದು, ಕ್ಯಾಬಿನ್ ದೊಡ್ಡದು, 1.3ರಿಂದ 1.6 ಲೀಟರ್ ಸೆಡಾನ್‌ಗಳದು ಸರಿಹೋಗುತ್ತೆ. ಬ್ರಾಕೆಟ್ 8 ಮಿ.ಮೀ. ಪ್ಲೇಟ್‌ನಲ್ಲಿ ಮಾಡಿಸಿ. 5 ಮಿ.ಮೀ.ನಲ್ಲಿ ಮಾಡಿದ್ದು ಅದುರಿ ಬೋಲ್ಟ್ ಕಿವಿಯೇ ಮುರಿಯಿತು, ಬೆಲ್ಟೂ ಹೋಯಿತು. ಐಡಲ್ ಎತ್ತುವ ವ್ಯಾಕ್ಯೂಮ್ ಡ್ಯಾಶ್‌ಪಾಟ್ ಇಲ್ಲದೆ ಎಸಿ ಹಾಕಿದರೆ ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಆಗುತ್ತೆ. 950 ಆರ್‌ಪಿಎಂಗೆ ಹೊಂದಿಸಿ.

ಬ್ರೇಕ್‌ನಲ್ಲಿ ಹೊಸತೇನೂ ಮಾಡಿಲ್ಲ, ಇದ್ದದ್ದನ್ನೇ ಸರಿ ಮಾಡಿದ್ದು. ಹಿಂದಿನ ವೀಲ್ ಸಿಲಿಂಡರ್‌ಗಳಿಗೆ ಸ್ಟೇನ್‌ಲೆಸ್ ಸ್ಲೀವ್, ಎಲ್ಲ ರಬ್ಬರ್ ಹೋಸ್ ಹೊಸದು, ಪೈಪ್ ಹೊಸದು, ತುದಿ ಎರಡು ಪದರವಾಗಿ ಮಡಚಿದ್ದು (ಡಬಲ್ ಫ್ಲೇರ್). ಗುಜರಿಯಿಂದ ತಂದ ಮಾಸ್ಟರ್ ಸಿಲಿಂಡರ್‌ಗೆ ರಬ್ಬರ್ ಕಿಟ್ ಹಾಕಿ ಎರಡು ಸಲ ದುಡ್ಡು ಹೋಯಿತು. ಬೋರ್‌ನಲ್ಲಿ ಉಗುರಿಗೆ ಸಿಗುವ ಗುಂಡಿ ಇದ್ದರೆ ಕಿಟ್ ಉಳಿಯಲ್ಲ. ತಿರುಗುವಾಗ ಡಿಸ್ಕ್ ಓಲಾಟ 0.1 ಮಿ.ಮೀ. ಒಳಗಿರಲಿ. ಬ್ರೇಕ್ ಆಯಿಲ್ ಡಾಟ್ 4: ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155. ಡಾಟ್ 3ಕ್ಕೆ ಆ ಲೆಕ್ಕ 205 ಮತ್ತು 140. ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೂ ಆಗದಿರುವುದಕ್ಕೂ ಇಷ್ಟೇ ಅಂತರ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಮುಂದಿನ ಕಾಯಿಲ್ ಸ್ಪ್ರಿಂಗ್ ಅರ್ಧ ಸುತ್ತು ಕತ್ತರಿಸಿ ಗಾಡಿ ತಗ್ಗಿಸುವ ಪ್ರಯೋಗವೂ ಆಯಿತು. ನೋಡಲು ಚೆಂದ, ಹಂಪ್‌ನಲ್ಲಿ ಸೈಲೆನ್ಸರ್ ಉಜ್ಜುತ್ತೆ, ಟೈರ್ ಒಳಬದಿ ತಿನ್ನುತ್ತೆ. ಹಳೇ ಎತ್ತರಕ್ಕೇ ಹಿಂದಿರುಗಿಸಿದೆ. ಸದ್ದು ತಗ್ಗಿಸಲು ಫ್ಲೋರ್‌ಗೆ ಡಾಂಬರು ಶೀಟ್ ಅಂಟಿಸುವುದೂ ಬೇಡ, ಅಡಿಯಲ್ಲಿ ನೀರು ನಿಲ್ಲುತ್ತೆ. ಬ್ಯುಟೈಲ್ ರಬ್ಬರ್ ಶೀಟ್ ದುಬಾರಿಯಾದರೂ ಅದನ್ನೇ ಹಾಕಿ.

ಖರ್ಚು, ನೆನಪಿದ್ದಂತೆ: ಬಾಡಿ ಒಂದೂವರೆ ಲಕ್ಷದ ಮೇಲೆ, ಇಂಜಿನ್ ಓವರ್‌ಹಾಲ್ ತೊಂಬತ್ತು ಸಾವಿರ, ಕೂಲಿಂಗ್ ಮತ್ತು ವೈರಿಂಗ್ ಸೇರಿ ಐವತ್ತು, ಎಸಿ ಐವತ್ತೈದು, ಬ್ರೇಕ್ ಮೂವತ್ತು. ಕೂಲಿಂಗ್‌ನ ಐವತ್ತರಲ್ಲಿ ಇಪ್ಪತ್ತು ಕೆಲಸಕ್ಕೆ ಬಾರದ ಪ್ರಯೋಗಗಳದು. ಪೇಂಟ್‌ಗೆ ಒಂದು ಲಕ್ಷ ಕೇಳುತ್ತಿದ್ದಾರೆ, ಅದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ಒಂದು ಮಳೆಗಾಲ ಓಡಿಸಿ ಎಲ್ಲಿ ನೀರು ಇಳಿಯುತ್ತೆ, ಯಾವ ವೆಲ್ಡಿಂಗ್ ಬೆವರುತ್ತೆ ಅಂತ ನೋಡಿದ ಮೇಲೆಯೇ ಬಣ್ಣ. ಮೈಲೇಜ್ ಊರೊಳಗೆ ಎಂಟು, ಹೈವೇಯಲ್ಲಿ ಹನ್ನೊಂದರ ಮೇಲೆ.

ಡಿಕ್ಕಿಯಲ್ಲಿ ಸದಾ ಇರುವುದು: ಎರಡೂ ಬೆಲ್ಟ್, ಫ್ಯಾನ್ ರಿಲೇ, ಮೇಲಿನ ರೇಡಿಯೇಟರ್ ಹೋಸ್, ಒಂದು ಕ್ಲಿಪ್ ಡಬ್ಬಿ, ಎರಡು ಲೀಟರ್ ಕಲಸಿಟ್ಟ ಕೂಲೆಂಟ್. ಈವರೆಗೆ ಬೇಕಾದದ್ದು ರಿಲೇ ಮಾತ್ರ, ಅದೂ ಅಗ್ಗದ್ದು ಕೊಂಡದ್ದಕ್ಕೆ. 40 ಆಂಪ್‌ನ ಒಳ್ಳೆಯ ರಿಲೇಗೂ ಅದಕ್ಕೂ ನೂರು ರೂಪಾಯಿಯಷ್ಟೇ ವ್ಯತ್ಯಾಸ.