ಆರ್‌ಟಿಐ ಅರ್ಜಿಗೆ ‘ಮಾಹಿತಿ ಕೊಡಲಾಗದು’ ಅಂತ ಹಿಂಬರಹ ಬಂದರೆ ಏನು ಮಾಡಬೇಕು

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿರುತ್ತೀರಿ. ಒಂದು ದಿನ ಕಚೇರಿಯಿಂದ ಅರ್ಧ ಪುಟದ ಹಿಂಬರಹ ಬರುತ್ತದೆ: ‘ತಾವು ಕೋರಿರುವ ಮಾಹಿತಿಯನ್ನು ಒದಗಿಸಲು ಅವಕಾಶವಿರುವುದಿಲ್ಲ.’ ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಕಚೇರಿಗೆ ಬೇಕಾಗಿರುವುದೂ ಅದೇ. ನೀವು ಮಾತ್ರ ಆ ಹಾಳೆಯನ್ನು ಕವರ್ ಸಮೇತ ಎತ್ತಿಡಿ. ಮೇಲ್ಮನವಿಯ ದಿನ ಲೆಕ್ಕ ಹಾಕುವುದು ಅದು ನಿಮ್ಮ ಕೈ ಸೇರಿದ ದಿನದಿಂದ, ಕವರಿನ ಮೇಲಿನ ಅಂಚೆ ಮುದ್ರೆ ಅದಕ್ಕೆ ಸಾಕ್ಷಿ.

ಈಗ ಹಿಂಬರಹದಲ್ಲಿ ಸೆಕ್ಷನ್ ನಂಬರ್ ಇದೆಯಾ ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಅರ್ಜಿ ತಿರಸ್ಕರಿಸಲು ಸೆಕ್ಷನ್ 8 ಅಥವಾ 9ರಲ್ಲಿರುವ ಕಾರಣವೇ ಬೇಕು. ಜೊತೆಗೆ 7(8)ರ ಪ್ರಕಾರ ಮೂರು ವಿಷಯ ಬರೆಯಲೇಬೇಕು: ತಿರಸ್ಕರಿಸಿದ ಕಾರಣ, ಮೇಲ್ಮನವಿಗೆ ಎಷ್ಟು ದಿನ, ಯಾರಿಗೆ ಸಲ್ಲಿಸಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ನಿಮ್ಮ ಮೇಲ್ಮನವಿಯ ಮೊದಲ ಅಂಶ ಸಿಕ್ಕಿತು. ಇನ್ನು ಸೆಕ್ಷನ್ ಹೆಸರನ್ನೇ ಎತ್ತದೆ ‘ಮಾಹಿತಿ ಯಾಕೆ ಬೇಕು ತಿಳಿಸಿ’ ಅಂತ ಬರೆದಿದ್ದರೆ ಉತ್ತರ ಸುಲಭ. ಕಾರಣ ಕೇಳುವ ಹಾಗಿಲ್ಲ ಅಂತ 6(2) ನೇರವಾಗಿ ಹೇಳುತ್ತದೆ. ‘ಇದು ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ’ ಅಂತ ಅರ್ಜಿ ವಾಪಸ್ ಕಳಿಸಿದ್ದರೆ ಅದೂ ತಪ್ಪು. ಸಂಬಂಧಪಟ್ಟ ಕಚೇರಿಗೆ ಅವರೇ 5 ದಿನದೊಳಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು, 6(3).

ಒಂದು ವಿಷಯ ಮಾತ್ರ ಅವರ ಪರವಾಗಿಯೂ ಹೇಳಬೇಕು. ‘ಚರಂಡಿ ಕೆಲಸ ಯಾಕೆ ಕಳಪೆಯಾಗಿದೆ?’ ಅಂತ ಕೇಳಿದ್ದರೆ ಮಾಹಿತಿ ಅಧಿಕಾರಿ ಉತ್ತರಿಸಬೇಕಾಗಿಲ್ಲ. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಹೊಸದಾಗಿ ಅಭಿಪ್ರಾಯ ಬರೆದುಕೊಡಬೇಕಾಗಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಹೀಗಾಗಿದ್ದರೆ ಮೇಲ್ಮನವಿ ಸುಮ್ನೆ ಕಾಲಹರಣ. ಹೊಸ ಅರ್ಜಿ ಹಾಕಿ, ಕಾಗದದ ಹೆಸರು ಹಿಡಿದು ಕೇಳಿ: ಎಸ್ಟಿಮೇಟ್, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್, ಕಡತದ ಟಿಪ್ಪಣಿ ಹಾಳೆಗಳು. ಟಿಪ್ಪಣಿ ಹಾಳೆ ಮರೆಯಬೇಡಿ, ಯಾರು ಏನು ಹೇಳಿದರು, ಯಾರು ಒಪ್ಪಲಿಲ್ಲ ಅನ್ನುವುದೆಲ್ಲ ಇರುವುದು ಅಲ್ಲೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ ಅಂತಲೂ ಇದೆ. ಅದನ್ನು ಮೀರಿದರೆ ಅವರಿಗೆ ನೀವೇ ನೆಪ ಕೊಟ್ಟ ಹಾಗೆ.

ಸೆಕ್ಷನ್ ನಂಬರ್ ಹಾಕಿಯೇ ತಿರಸ್ಕರಿಸಿದ್ದಾರೆ ಅಂದುಕೊಳ್ಳಿ. ಅತಿ ಹೆಚ್ಚು ಕಾಣುವುದು 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ. ಇಲ್ಲಿ ಹಳೆಯ ವಿಡಿಯೋ, ಹಳೆಯ ಮಾದರಿ ಪತ್ರಗಳನ್ನು ನಂಬಬೇಡಿ. ಮೊದಲು ಈ ಕಲಮಿನೊಳಗೇ ಒಂದು ತಡೆ ಇತ್ತು: ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಸಾಲುಗಳನ್ನು ಕಿತ್ತುಹಾಕಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಈಗ ಉಳಿದಿರುವುದು ‘ವೈಯಕ್ತಿಕ ಮಾಹಿತಿ’ ಅನ್ನುವಷ್ಟೇ. ನನ್ನ ಪ್ರಕಾರ ಕಾಯ್ದೆಗೆ ಬಿದ್ದ ದೊಡ್ಡ ಪೆಟ್ಟು ಇದು, ಯಾಕೆಂದರೆ ಯಾವ ಕಡತ ತೆಗೆದರೂ ಅದರಲ್ಲಿ ಯಾರದೋ ಒಬ್ಬರ ಹೆಸರು ಇದ್ದೇ ಇರುತ್ತದೆ ಅಲ್ವಾ?

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. 8(2) ಹಾಗೇ ಇದೆ: ಗುಟ್ಟಾಗಿಡುವುದರಿಂದ ಆಗುವ ಲಾಭಕ್ಕಿಂತ ಬಹಿರಂಗ ಮಾಡುವುದರಲ್ಲಿ ಸಾರ್ವಜನಿಕ ಹಿತ ಜಾಸ್ತಿ ಇದ್ದರೆ ಕೊಡಬಹುದು. ಅದನ್ನು ಹೆಸರಿಸಿ, ಹಿತ ಯಾವುದು ಅಂತ ಎರಡು ಸಾಲಿನಲ್ಲಿ ಬರೆಯಿರಿ. ಸೆಕ್ಷನ್ 10 ಕೂಡ ಇದೆ. ಆಧಾರ್ ನಂಬರ್, ಫೋನ್, ಬ್ಯಾಂಕ್ ಖಾತೆಗೆ ಮಸಿ ಬಳಿದು ಉಳಿದಿದ್ದನ್ನು ಕೊಡಿ ಅಂತ ಕೇಳಬಹುದು. ಎಲ್ಲಕ್ಕಿಂತ ಒಳ್ಳೆಯ ಅಸ್ತ್ರ 4(1)(ಬಿ). ಅಧಿಕಾರಿ, ನೌಕರರ ತಿಂಗಳ ಸಂಬಳ, ಸಬ್ಸಿಡಿ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರ, ಪರವಾನಗಿ ಪಡೆದವರ ವಿವರ, ಇವನ್ನೆಲ್ಲ ಯಾರೂ ಕೇಳದೆಯೇ ಕಚೇರಿ ತಾನಾಗಿ ಪ್ರಕಟಿಸಬೇಕು ಅಂತ ಅಲ್ಲಿದೆ. ತಾನೇ ಪ್ರಕಟಿಸಬೇಕಾದದ್ದನ್ನು ಕೇಳಿದವರಿಗೆ ಕೊಡುವುದಿಲ್ಲ ಅಂದರೆ ಹೇಗೆ? ಆದರೆ ನೀವು ಕೇಳಿದ್ದು ಒಬ್ಬ ನೌಕರನ ಮೆಮೊ, ಆಸ್ತಿ ವಿವರ, ತೆರಿಗೆ ರಿಟರ್ನ್ ಆಗಿದ್ದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ 2012ರಲ್ಲೇ ಸುಪ್ರೀಂ ಕೋರ್ಟ್ ಅವನ್ನು ವೈಯಕ್ತಿಕ ಅಂದಿದೆ.

‘ತನಿಖೆ ನಡೆಯುತ್ತಿದೆ, ಆದ್ದರಿಂದ 8(1)(ಎಚ್)’ ಅನ್ನುವುದು ಎರಡನೇ ನೆಚ್ಚಿನ ಉತ್ತರ. ತನಿಖೆ ಇದೆ ಅಂದರಷ್ಟೇ ಸಾಲದು, ಈ ಕಾಗದ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಅಂತ ತೋರಿಸಬೇಕು. ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ‘ಮಾಹಿತಿ ಬೃಹತ್ತಾಗಿದೆ, 7(9)’ ಅಂದರೆ ಅದು ತಿರಸ್ಕಾರಕ್ಕೆ ಕಾರಣವೇ ಅಲ್ಲ. ಕೊಡುವ ರೂಪ ಬದಲಿಸಬಹುದು, ಅಷ್ಟೇ. ‘ಹಾಗಾದರೆ ಕಡತ ಪರಿಶೀಲನೆಗೆ ದಿನ ಕೊಡಿ, ಬೇಕಾದ ಪುಟ ಗುರುತು ಮಾಡುತ್ತೇನೆ’ ಅಂತ ಬರೆಯಿರಿ. ಪುಟಕ್ಕೆ ಎರಡು ರೂಪಾಯಿ ಕೊಟ್ಟು ಬೇಡದ್ದನ್ನೆಲ್ಲ ಹೊತ್ತು ತರುವುದಕ್ಕಿಂತ ಅದೇ ಒಳ್ಳೆಯದು.

‘ಕಡತ ಲಭ್ಯವಿಲ್ಲ’ ಅನ್ನುವುದು ಬೇರೆಯೇ ಜಾತಿ. ಸೆಕ್ಷನ್ 8ರಲ್ಲಿ ಅಂಥ ವಿನಾಯಿತಿ ಇಲ್ಲವೇ ಇಲ್ಲ. ಹುಡುಕಿದ್ದಕ್ಕೆ ದಾಖಲೆ, ಕೊನೆಗೆ ಯಾರ ವಶದಲ್ಲಿತ್ತು, ಕಳೆದಿದ್ದರೆ ಹೊಣೆ ಯಾರು, ನಾಶ ಮಾಡಿದ್ದರೆ ಆದೇಶದ ನಕಲು, ಇವನ್ನು ಮೇಲ್ಮನವಿಯಲ್ಲಿ ಕೇಳಿ. ಇಷ್ಟು ಕೇಳಿದ ಮೇಲೆ ಎಷ್ಟೋ ಕಡತಗಳು ತಾವಾಗಿಯೇ ಬೀರುವಿನಿಂದ ಹೊರಗೆ ಬರುತ್ತವೆ.

ಉತ್ತರವೇ ಬರದಿದ್ದರೆ? 30 ದಿನ ಮುಗಿದರೆ ತಿರಸ್ಕರಿಸಿದಂತೆಯೇ ಲೆಕ್ಕ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ, ಮೂರನೇ ವ್ಯಕ್ತಿಗೆ, ಅಂದರೆ ಮಾಹಿತಿ ಯಾರಿಗೆ ಸಂಬಂಧಿಸಿದೆಯೋ ಅವರಿಗೆ, ನೋಟಿಸ್ ಕೊಡಬೇಕಾದಲ್ಲಿ 40 ದಿನ. ಗಡುವು ಮೀರಿ ಕೊಟ್ಟರೆ ನಕಲಿಗೆ ದುಡ್ಡು ಕೇಳುವ ಹಾಗಿಲ್ಲ, 7(6).

ಮೊದಲ ಮೇಲ್ಮನವಿ 30 ದಿನದೊಳಗೆ, ಅದೇ ಇಲಾಖೆಯ ಮೇಲಿನ ಅಧಿಕಾರಿಗೆ. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ತಿರಸ್ಕರಿಸಿದ್ದರೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ). ಒಂದೂವರೆ ಪುಟ ಸಾಕು. ಕಚೇರಿಗೆ ಬೈದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಮಾಹಿತಿ ಹಕ್ಕಿನ ಹೆಸರಿನಲ್ಲಿ ವಸೂಲಿಗೆ ಇಳಿದವರೂ ಇದ್ದಾರೆ, ಅದರಿಂದಾಗಿ ಕೆಲವು ಅಧಿಕಾರಿಗಳು ಅರ್ಜಿದಾರರನ್ನೆಲ್ಲ ಅದೇ ಕಣ್ಣಿನಿಂದ ನೋಡುತ್ತಾರೆ. ಮೇಲ್ಮನವಿಯ ಒಡಲು ಹೆಚ್ಚುಕಮ್ಮಿ ಹೀಗಿರಲಿ:

‘ದಿನಾಂಕ ___ರ ಹಿಂಬರಹದಲ್ಲಿ ಮಾಹಿತಿ ನಿರಾಕರಿಸಲು ಸೆಕ್ಷನ್ ___ ಉಲ್ಲೇಖಿಸಲಾಗಿದೆ. ಅದು ನಾನು ಕೋರಿದ ದಾಖಲೆಗೆ ಹೇಗೆ ಅನ್ವಯಿಸುತ್ತದೆ ಎಂದು ತಿಳಿಸಿಲ್ಲ. ನಿರಾಕರಣೆ ಸರಿ ಎಂದು ಸಾಬೀತುಪಡಿಸುವ ಹೊಣೆ ಸೆಕ್ಷನ್ 19(5)ರ ಪ್ರಕಾರ ಮಾಹಿತಿ ಅಧಿಕಾರಿಯದು. ದಾಖಲೆಯ ಒಂದು ಭಾಗ ಕೊಡಲಾಗದಿದ್ದರೆ ಸೆಕ್ಷನ್ 10ರಂತೆ ಉಳಿದ ಭಾಗವನ್ನು ಉಚಿತವಾಗಿ ಕೊಡಿಸಬೇಕೆಂದು ಕೋರುತ್ತೇನೆ.’

ಉತ್ತರ ತಡವಾಗಿರದಿದ್ದರೆ ‘ಉಚಿತವಾಗಿ’ ಅನ್ನುವುದನ್ನು ತೆಗೆದುಬಿಡಿ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲ್, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಇಲ್ಲವಾದರೆ ಸ್ಪೀಡ್ ಪೋಸ್ಟ್ ಮಾಡಿ, ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ.

ಮೊದಲ ಮೇಲ್ಮನವಿ 30 ದಿನದಲ್ಲಿ, ಕಾರಣ ಬರೆದರೆ 45 ದಿನದೊಳಗೆ ಮುಗಿಯಬೇಕು. ಆದೇಶ ನಿಮ್ಮ ವಿರುದ್ಧ ಬಂದರೂ, ಬರದೇ ಹೋದರೂ ಮುಂದಿನ 90 ದಿನದೊಳಗೆ ಎರಡನೇ ಮೇಲ್ಮನವಿ, ಬೆಂಗಳೂರಿನ ಮಾಹಿತಿ ಸೌಧದಲ್ಲಿರುವ ರಾಜ್ಯ ಮಾಹಿತಿ ಆಯೋಗಕ್ಕೆ. ಕೇಂದ್ರದ ಕಚೇರಿಯಾದರೆ ದೆಹಲಿಯ ಕೇಂದ್ರ ಆಯೋಗಕ್ಕೆ. ಇಲ್ಲಿ ಎಡವುವವರು ಬಹಳ: ಬೇಗ ಆಗಲಿ ಅಂತ ಸೆಕ್ಷನ್ 18ರ ದೂರು ಕೊಡುತ್ತಾರೆ. ದೂರಿನಿಂದ ಅಧಿಕಾರಿಗೆ ದಂಡ ಬೀಳಬಹುದು, ಆದರೆ ಮಾಹಿತಿ ಸಿಗುವುದಿಲ್ಲ ಅಂತ 2011ರ ಮಣಿಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದ ಕೈಗೆ ಬೇಕಿದ್ದರೆ ಸೆಕ್ಷನ್ 19ರ ಮೇಲ್ಮನವಿಯೇ ಹಾಕಿ. ದಂಡವನ್ನು ಅದರ ಕೋರಿಕೆಯಲ್ಲೇ ಸೇರಿಸಿ: ಸೆಕ್ಷನ್ 20ರ ಪ್ರಕಾರ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000.

ಆಯೋಗದಲ್ಲಿ ವಿಚಾರಣೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕಾಯಬೇಕು. ಅಷ್ಟು ದಿನ ಸುಮ್ಮನೆ ಕೂರುವ ಬದಲು ಅದೇ ಕಾಮಗಾರಿಯ ಬೇರೆ ಕಾಗದಕ್ಕೆ, ಬೇರೆ ಕಚೇರಿಗೆ ಅರ್ಜಿ ಹಾಕಿ. ಪಂಚಾಯಿತಿ ಕೊಡದ ಎಸ್ಟಿಮೇಟಿನ ಇನ್ನೊಂದು ಪ್ರತಿ ಅದನ್ನು ಮಂಜೂರು ಮಾಡಿದ ಎಂಜಿನಿಯರಿಂಗ್ ಕಚೇರಿಯಲ್ಲಿ ಇರುತ್ತದೆ, ಅಲ್ಲಿ ಕೇಳಿದರೆ ಸಿಕ್ಕೇಬಿಡಬಹುದು.