ದಾವೆಯಲ್ಲಿ ಸಿಗದ ದಾರಿ ಪೈಪಿನಿಂದ ಸಿಕ್ಕಿತು: ನನ್ನ ಅನುಭವ

ಅಣ್ಣನ ಜಮೀನಿನ ಮೂಲಕ ನನ್ನ ಜಮೀನಿಗೆ ಹೋಗುವ ಹನ್ನೆರಡು ಅಡಿ ಅಗಲದ ದಾರಿ ಹಕ್ಕು ಈಗ ನೋಂದಣಿಯಾಗಿದೆ, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಬರುತ್ತದೆ. ನಮ್ಮ ವಕೀಲರ ಸಂಘದಲ್ಲಿ ಮೂರ್ನಾಲ್ಕು ಜನ "ಅಣ್ಣತಮ್ಮಂದಿರ ಜಗಳದಲ್ಲಿ ಯಾರಪ್ಪಾ ಬರೆದುಕೊಡ್ತಾರೆ, ದಾವೆ ನಡೆಸು" ಎಂದಿದ್ದರು. ಬರೆದುಕೊಟ್ಟರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2009ರಲ್ಲಿ ನಮ್ಮ ಮನೆ ವಿಭಾಗವಾಯಿತು. ರಸ್ತೆ ಬದಿಯ ಜಮೀನು ದೊಡ್ಡಪ್ಪನಿಗೆ, ಹಿಂದಿನ ಎರಡು ಎಕರೆ ಚಿಲ್ಲರೆ ನಮಗೆ. ವಿಭಾಗ ಪತ್ರದ ಚೆಕ್ಕುಬಂದಿಯಲ್ಲಿ ದಾರಿಯ ಮಾತೇ ಇಲ್ಲ. ಗ್ರಾಮ ನಕಾಶೆಯಲ್ಲೂ ಬಂಡಿದಾರಿಯ ಗೆರೆ ಇಲ್ಲ. ದೊಡ್ಡಪ್ಪ ನೂರು ರೂಪಾಯಿ ಛಾಪಾ ಕಾಗದದಲ್ಲಿ "ಓಡಾಡಿಕೊಳ್ಳಲಿ" ಅಂತ ಬರೆದುಕೊಟ್ಟರು. ವಕೀಲನಾಗಿ ನಾನೇ ಅದನ್ನು ನೋಂದಣಿ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಮಗ, ಅಂದರೆ ನನ್ನ ಅಣ್ಣ, ಬೇಲಿ ಹಾಕಿದ. ಆ ಕಾಗದ ಹೆಚ್ಚೆಂದರೆ ಒಂದು ಲೈಸೆನ್ಸ್, ಅಂದರೆ ಬರೀ ಅನುಮತಿ, ದೊಡ್ಡಪ್ಪನ ಜೊತೆಗೇ ಹೋಯಿತು.

2016ರಲ್ಲಿ ದಾವೆ ಹಾಕಿದೆ. ನನ್ನ ದೊಡ್ಡ ತಪ್ಪು ಅದರಲ್ಲೇ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಪ್ಪತ್ತು ವರ್ಷದ ಅನುಭವ ಅಂತ ಈಸ್‌ಮೆಂಟ್ (ಇನ್ನೊಬ್ಬರ ಜಮೀನನ್ನು ಬಳಸುವ ಹಕ್ಕು) ಕಾಯ್ದೆಯ ಸೆಕ್ಷನ್ 15 ಹಿಡಿದೆ. ಆದರೆ 2009ರ ತನಕ ಜಮೀನು ಒಟ್ಟಿಗೇ ಇತ್ತಲ್ವಾ? ತನ್ನದೇ ಜಮೀನಿನ ಮೇಲೆ ತನಗೇ ಈಸ್‌ಮೆಂಟ್ ಹುಟ್ಟುವುದಿಲ್ಲ. ಲೆಕ್ಕ ಹಾಕಿದರೆ ಏಳೇ ವರ್ಷ. ಪರ್ಯಾಯವಾಗಿ ಅಗತ್ಯದ ದಾರಿ ಅಂತಲೂ ಕೇಳಿದ್ದೆ. ಜಾಗ ನೋಡಲು ಕೋರ್ಟ್ ನೇಮಿಸಿದ ಕಮಿಷನರ್ ಬಂದು ಕಾಲುವೆ ಏರಿಯ ಮೇಲೆ ಇನ್ನೊಂದು ದಾರಿ ಇದೆ ಎಂದು ವರದಿ ಕೊಟ್ಟರು. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ಕೆಸರು, ಟ್ರ್ಯಾಕ್ಟರ್ ಹೋಗಲ್ಲ, ಆದರೂ ದಾರಿ ಇದ್ದದ್ದು ಇದ್ದದ್ದೇ. ಕಷ್ಟದ ದಾರಿ ಇದ್ದರೂ ಸಾಕು, ಅಗತ್ಯ ಅನ್ನುವ ವಾದ ಬಿದ್ದುಹೋಗುತ್ತದೆ. ಒಬ್ಬ ಗೆಳೆಯ ಅದೇ ಕಾಯ್ದೆಯ ಸೆಕ್ಷನ್ 13ರಲ್ಲಿ ಆಸ್ತಿ ವಿಭಾಗದ ಬಗ್ಗೆ ಇರುವ ಉಪಬಂಧ ಹಿಡಿ ಎಂದ. ಅದಕ್ಕೆ ಹಕ್ಕು ಕಣ್ಣಿಗೆ ಕಾಣುವಂಥದ್ದೂ ಆಗಿರಬೇಕು, ನಿರಂತರದ್ದೂ ಆಗಿರಬೇಕು. ಓಡಾಡುವ ಹಕ್ಕು ಸೆಕ್ಷನ್ 5ರ ಪ್ರಕಾರ ನಿರಂತರವಲ್ಲ. ಕಮಿಷನರ್ ಫೀ, ಸರ್ವೆ, ಓಡಾಟ ಎಲ್ಲ ಸೇರಿ ಒಂದೂಕಾಲು ಲಕ್ಷ ಹೋಗಿರಬೇಕು. ಮಧ್ಯಂತರ ತಡೆಯಾಜ್ಞೆಯೂ ಸಿಗಲಿಲ್ಲ.

ಮೂರ್ನಾಲ್ಕು ವರ್ಷ ಹೀಗೇ ಹೋಯಿತು. ಆಮೇಲೆ ಅಣ್ಣನ ಇನ್ನೊಂದು ತುಂಡು ಜಮೀನಿನಲ್ಲಿ ಬೋರು ಬಿತ್ತು. ಆ ತುಂಡು ನನ್ನ ಜಮೀನಿನ ಆಚೆ ಇದೆ. ನೀರು ಅವನ ತೋಟಕ್ಕೆ ಬರಬೇಕೆಂದರೆ ಪೈಪು ನನ್ನ ನೆಲದಲ್ಲೇ ಹಾಯಬೇಕು. ಅವನಿಗೆ ಪೈಪು ಬೇಕು, ನನಗೆ ದಾರಿ ಬೇಕು. ಮಾತು ಯಾರ ಮೂಲಕ, ಹೇಗೆ ಶುರು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಇನ್ನೂ ಎರಡು ಕೇಸಿನಲ್ಲಿ ಬಳಸಬೇಕಿದೆ. "ಅಣ್ಣಾ, ನೀನು ದಾರಿ ಬರೆದುಕೊಡು, ನಾನು ಪೈಪಿಗೆ ಬರೆದುಕೊಡ್ತೀನಿ, ಒಂದೇ ಪತ್ರ, ಒಂದೇ ದಿನ" ಎಂದೆ. ಜೊತೆಗೆ ಅರವತ್ತು ಸಾವಿರ ಕೇಳಿದ, ಕೊಟ್ಟೆ. ಮುನ್ನೂರು ಅಡಿ ಉದ್ದ, ಹನ್ನೆರಡು ಅಡಿ ಅಗಲ ಅಂದರೆ ಹೆಚ್ಚುಕಮ್ಮಿ ಮೂರೂಕಾಲು ಗುಂಟೆ. ಆ ಹಣ ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ.

ಲೋಕ ಅದಾಲತ್‌ನಲ್ಲಿ ರಾಜಿ ಹಾಕಿದರೆ ಸ್ಟಾಂಪು ಖರ್ಚು ಉಳಿಯುತ್ತೆ ಅಂತ ಸುಮಾರು ಜನ ಹೇಳಿದರು. ಆದರೆ ಪೈಪು ಹಾಯುವ ನನ್ನ ಜಮೀನು ದಾವೆಯ ಷೆಡ್ಯೂಲಿನಲ್ಲೇ (ಆಸ್ತಿ ವಿವರದಲ್ಲೇ) ಇರಲಿಲ್ಲ. ದಾವೆಗೆ ಹೊರತಾದ ಸ್ಥಿರಾಸ್ತಿ ರಾಜಿ ಡಿಕ್ರಿಯಲ್ಲಿ (ರಾಜಿಯ ಮೇಲೆ ಆಗುವ ತೀರ್ಪಿನಲ್ಲಿ) ಬಂದರೆ ನೋಂದಣಿ ಬೇಕೇ ಬೇಕು, ನೋಂದಣಿ ಕಾಯ್ದೆಯ ಸೆಕ್ಷನ್ 17 ನೋಡಿಕೊಳ್ಳಿ. ಹಾಗಾಗಿ ನೇರವಾಗಿ ಪತ್ರವನ್ನೇ ನೋಂದಣಿ ಮಾಡಿಸಿದೆವು, ಆಮೇಲೆ ದಾವೆ ವಾಪಸ್ ತೆಗೆದುಕೊಂಡೆ. ಸರ್ವೆ ನಕ್ಷೆ, ಸ್ಟಾಂಪು, ಫೀ ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು.

ಪತ್ರದಲ್ಲಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ರಿಪೇರಿ ಷರತ್ತಿಗೆ. "ಅಣ್ಣ ದಾರಿ ರಿಪೇರಿ ಮಾಡಿಸಬೇಕು" ಅಂತ ಬರೆದರೆ ನಾಳೆ ಅವನು ಮಾರಿದಾಗ ಕೊಂಡವನಿಗೆ ಅದು ತಗಲುವುದಿಲ್ಲ, ದುಡ್ಡು ಹಾಕುವ ಹೊಣೆ ನೆಲದ ಜೊತೆ ಹೋಗಲ್ಲ. ಅದಕ್ಕೆ ರಿಪೇರಿ ನನ್ನದೇ ಎಂದು ಬರೆದು, ಜಲ್ಲಿ ಹಾಕಲು ಒಳಗೆ ಬರುವ ಹಕ್ಕನ್ನು ಇಟ್ಟುಕೊಂಡೆ. ಬದಲಿಗೆ ದಾರಿಯ ಅಂಚಿನಿಂದ ಆರು ಅಡಿ ಒಳಗೆ ತೆಂಗು ನೆಡಬಾರದು, ಕಟ್ಟಡ ಕಟ್ಟಬಾರದು ಎಂದು ಹಾಕಿಸಿದೆ. ಇಂಥ ತಡೆ ಷರತ್ತು ಗೊತ್ತಿದ್ದು ಕೊಂಡವನನ್ನೂ ಹಿಡಿಯುತ್ತದೆ, ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 40 ಇದೆಯಲ್ಲ. "ಟ್ರ್ಯಾಕ್ಟರ್, ಲಾರಿ, ಕೊಯ್ಲು ಯಂತ್ರ" ಅಂತ ಒಂದೊಂದೂ ಹೆಸರು ಹಿಡಿದು ಬರೆಸಿದೆ. ಬರೀ ಓಡಾಟ ಎಂದರೆ ನಾಳೆ ಕಾಲುದಾರಿ ಅಂದುಬಿಡುತ್ತಾರೆ. ಗೇಟಿನ ಬೀಗದ ಬಗ್ಗೆ ಇನ್ನೊಂದು ಸಾಲು ಇದೆ, ಅದು ನನ್ನ ಹತ್ತಿರವೇ ಇರಲಿ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ದಾರಿಯ ಅಂಚು ಗುರುತಿಸಲು ಕಲ್ಲು ನೆಟ್ಟರೆ ಉಳುವಾಗ ಕಿತ್ತು ಹೋಗುತ್ತೆ ಅಂತ ಗ್ಲಿರಿಸಿಡಿಯಾ (ಚಿಗುರುವ ಬೇಲಿ ಗಿಡ) ಗೂಟ ಹೊಡೆದೆ. ಒಂದೇ ಮಳೆಗಾಲಕ್ಕೆ ಕೊಂಬೆ ದಾರಿಗೇ ಚಾಚಿ ಎರಡು ಅಡಿ ನುಂಗಿತು. ಕಿತ್ತು ಹಾಕಿ ಕಲ್ಲನ್ನೇ ಸಿಮೆಂಟಿನಲ್ಲಿ ಕೂರಿಸಿ, ನಕ್ಷೆಯಲ್ಲಿ ನಂಬರು ಹಾಕಿಸಿದೆ.

ಈಗ ಉಳಿದಿರುವುದು ಅಣ್ಣನ ಪಹಣಿಯಲ್ಲಿ ಹಕ್ಕು ಮತ್ತು ಋಣಗಳ ಕಾಲಂನಲ್ಲಿ ಈ ದಾರಿಯನ್ನು ಏರಿಸುವುದು. ಅರ್ಜಿ ಕೊಟ್ಟಿದ್ದೇನೆ. ಕೊಡುವಾಗ ಅಣ್ಣನೂ ಜೊತೆಗೆ ಬಂದು ಸಹಿ ಹಾಕಿದ, ನನ್ನ ಪಹಣಿಯಲ್ಲಿ ಅವನ ಪೈಪೂ ಏರಬೇಕಲ್ಲ.