ಎಂಟಡಿ ಹಲಗೆಯ ಮೇಲೆ ಸಕಲೇಶಪುರ ಘಾಟಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಇಳಿಯುವ ರೈಲು ದಾರಿ ಸುಮಾರು 55 ಕಿ.ಮೀ. ಉದ್ದ. ದಾರಿಯುದ್ದಕ್ಕೂ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಎತ್ತರ. ಇದನ್ನು 87 ಪಟ್ಟು ಕುಗ್ಗಿಸಿದರೂ 630 ಮೀಟರ್ ಹಳಿ ಬೇಕಾಗುತ್ತದೆ. ಹಾಗಾಗಿ ಮಾಡೆಲ್ ರೈಲು ಕಟ್ಟಲು ಕೂತವರು ಮೊದಲು ಏನೇನು ಬಿಡಬೇಕು ಅನ್ನುವುದನ್ನು ತೀರ್ಮಾನಿಸಬೇಕು. ಘಾಟಿಯಲ್ಲಿ ಮನಸ್ಸಿಗೆ ಹಿಡಿಸುವುದು ಒಂದೇ ನೋಟ: ಮುಂದೆ ಎಂಜಿನ್, ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್, ನಡುವೆ ಸಾಲು ವ್ಯಾಗನ್, ಎಲ್ಲವೂ ಸೇರಿ ನಿಧಾನವಾಗಿ ಏರುವುದು. ಅದೊಂದನ್ನು ಹಲಗೆಯ ಮೇಲೆ ತಂದರೆ ಸಾಕು.

ಅದು ಬರುವುದು ನಿಧಾನದಲ್ಲಿ. ಗಂಟೆಗೆ 30 ಕಿ.ಮೀ. ವೇಗದ ರೈಲು 1:87 ಅಳತೆಯಲ್ಲಿ ಒಂದು ಮೀಟರ್ ದಾಟಲು ಹತ್ತು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಜೋರಾಗಿ ಓಡಿಸಿದರೆ ಹಳಿಯ ತಪ್ಪುಗಳು ಎಷ್ಟೋ ಮುಚ್ಚಿಹೋಗುತ್ತವೆ. ನಿಧಾನಕ್ಕೆ ಬಿಟ್ಟಾಗ ಒಂದು ಧೂಳಿನ ಕಣಕ್ಕೂ ಎಂಜಿನ್ ನಿಂತುಬಿಡುತ್ತದೆ. ಈ ಹವ್ಯಾಸದಲ್ಲಿ ದುಡ್ಡೆಲ್ಲ ಎಂಜಿನ್‌ಗೆ ಸುರಿದು ಹಳಿಯನ್ನು ಅವಸರದಲ್ಲಿ ಹಾಕುವವರೇ ಹೆಚ್ಚು. ಸಮಯವನ್ನೆಲ್ಲ ಹಳಿಗೆ ಕೊಡಿ.

ಅಳತೆ ಮತ್ತು ಒಂದು ತೊಡಕು

ಮಾಡೆಲ್ ರೈಲಿನ ಅಳತೆಗಳಲ್ಲಿ ಎಚ್‌ಒ ಎಂದರೆ 1:87, ಎನ್ ಎಂದರೆ 1:160. ಎನ್ ಕಡಿಮೆ ಜಾಗದಲ್ಲಿ ಕೂರುತ್ತದೆ ನಿಜ, ಆದರೆ ಭಾರತೀಯ ವ್ಯಾಗನ್, ಎಂಜಿನ್‌ಗಳ ಮಾದರಿ ಹುಡುಕುವವರಿಗೆ ಎಚ್‌ಒ ಮೇಲು. ಮುಂದಿನ ಲೆಕ್ಕವೆಲ್ಲ ಎಚ್‌ಒದ್ದೇ.

ತೊಡಕು ಹಳಿಯ ಅಂತರದಲ್ಲಿದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಅದು 1,435 ಮಿ.ಮೀ. ಅಂತರದ ಹೊರದೇಶದ ಹಳಿಗೆ ಹಾಕಿದ ಲೆಕ್ಕ. ಹೀಗಾಗಿ ನಮ್ಮ ಎಂಜಿನ್ನನ್ನು ಎದುರಿನಿಂದ ನೋಡಿದರೆ ಮೈ ಅಗಲ, ಕಾಲು ಇಕ್ಕಟ್ಟು. ಪಕ್ಕದಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಲಗೆಯನ್ನು ನೆಲದಿಂದ 110–120 ಸೆಂ.ಮೀ. ಎತ್ತರದಲ್ಲಿಟ್ಟು, ಕುರ್ಚಿಯಲ್ಲಿ ಕೂತವರ ಕಣ್ಣಿಗೆ ರೈಲು ಅಡ್ಡಲಾಗಿ ಹಾದುಹೋಗುವಂತೆ ಮಾಡುವುದಕ್ಕೆ ಇದೂ ಒಂದು ಕಾರಣ. ಹಳೆಯ ಕಾಲವನ್ನು ಇಷ್ಟಪಡುವವರಿಗೆ ಇನ್ನೊಂದು ದಾರಿಯಿದೆ: 1979ರಲ್ಲಿ ಹಾಸನ–ಮಂಗಳೂರು ಮಾರ್ಗ ತೆರೆದಾಗ ಅದು ಮೀಟರ್‌ಗೇಜ್. 1,000 ಮಿ.ಮೀ. ಅಂದರೆ ಎಚ್‌ಒದಲ್ಲಿ 11.5, ಸಿಗುವ 12 ಮಿ.ಮೀ. ಹಳಿ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ. ಆದರೆ ಮೀಟರ್‌ಗೇಜಿನ ವೈಡಿಎಂ-4 ಡೀಸೆಲ್ ಎಂಜಿನ್ನಿನ ಮೈಯನ್ನು ಕೈಯಾರೆ ಮಾಡಿಕೊಳ್ಳುವ ತಯಾರಿ ಬೇಕು. ಮೊದಲ ಹಲಗೆಗೆ ಬೇಡ.

ಬೋಗಿ ಬೇಡ, ವ್ಯಾಗನ್ ಇರಲಿ

ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ, ಅಂದರೆ 244 × 122 ಸೆಂ.ಮೀ. ಅಂಚಿನಲ್ಲಿ ಹತ್ತೂವರೆ ಸೆಂ.ಮೀ. ಬಿಟ್ಟರೆ ತಿರುವಿನ ತ್ರಿಜ್ಯ 50.5 ಸೆಂ.ಮೀ.ಗಿಂತ ಹೆಚ್ಚಾಗದು. ಅತಿ ಉದ್ದದ ಬೋಗಿ ಅಥವಾ ಎಂಜಿನ್ನಿನ ಎರಡೂವರೆ ಪಟ್ಟು ತ್ರಿಜ್ಯ ಇದ್ದರೆ ತಿರುವಿನಲ್ಲಿ ತೊಂದರೆಯಿಲ್ಲದೆ ಓಡುತ್ತದೆ. ಎರಡು ಪಟ್ಟಿಗಿಂತ ಕಡಿಮೆಯಾದರೆ ಹಳಿ ತಪ್ಪುವುದು ಶುರು. ಪ್ರಯಾಣಿಕರ ಗಾಡಿಯ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಈ ಅಳತೆಯಲ್ಲಿ 27 ಸೆಂ.ಮೀ., ಹಳೆಯ ಐಸಿಎಫ್ ಬೋಗಿ 24.5. ಎರಡೂ ಈ ಹಲಗೆಗೆ ಉದ್ದವಾದವು. ಬೋಗಿಯ ಹೊಟ್ಟೆ ತಿರುವಿನ ಒಳಗೆ ನೇತಾಡಿ ಸುರಂಗದ ಗೋಡೆಗೆ ಉಜ್ಜುತ್ತದೆ. ಅದಿರು ಹೊರುವ, ಮೇಲ್ಭಾಗ ತೆರೆದ ಬಾಕ್ಸ್‌ಎನ್ ವ್ಯಾಗನ್ ಬರೀ 12.3 ಸೆಂ.ಮೀ. ಡಬ್ಲ್ಯುಡಿಎಂ-2 ಜಾತಿಯ ಡೀಸೆಲ್ ಎಂಜಿನ್ 20 ಸೆಂ.ಮೀ. ಸುತ್ತಮುತ್ತ. ಎರಡು ಎಂಜಿನ್, ಆರರಿಂದ ಎಂಟು ವ್ಯಾಗನ್: ಇದು ಈ ಹಲಗೆಗೆ ಹೇಳಿ ಮಾಡಿಸಿದ ಗಾಡಿ. ಘಾಟಿಯಲ್ಲಿ ಅದಿರು ಹೊತ್ತು ಹೋಗುವ ಗೂಡ್ಸ್ ನೋಡಿದವರಿಗೆ ಏನೂ ಕಡಿಮೆ ಅನ್ನಿಸುವುದಿಲ್ಲ.

ಹಲಗೆ ಮತ್ತು ಏರು

12 ಮಿ.ಮೀ. ಪ್ಲೈವುಡ್ ತನ್ನಿ. ಐಎಸ್ 710 ಎಂದು ಮುದ್ರೆ ಇರುವ ಮರೀನ್ ಪ್ಲೈ ಆಗಬೇಕು; ಮಲೆನಾಡಿನ ಜುಲೈ ತಿಂಗಳಿಗೆ ಸಾಧಾರಣ ಪ್ಲೈ ಸೊಟ್ಟಗಾಗುತ್ತದೆ. ಅಂಗಡಿಯಲ್ಲೇ ಎರಡು ನಾಲ್ಕಡಿ ಚೌಕ ಮಾಡಿಸಿ, ಇಲ್ಲದಿದ್ದರೆ ಬಾಗಿಲಲ್ಲಿ ತೂರುವುದಿಲ್ಲ. ಕೆಳಗೆ ಎರಡಿಂಚು × ಒಂದಿಂಚಿನ ರೀಪರ್ ನಿಲ್ಲಿಸಿ, 40 ಸೆಂ.ಮೀ.ಗೊಂದು ಅಡ್ಡಪಟ್ಟಿ ಕೊಡಿ. ಗೋಡೆಗೆ ತಾಗಿಸಿ ಇಡಬೇಡಿ. ಹಿಂಬದಿಗೆ ಒಬ್ಬರು ಹೋಗಿ ಕೈ ಹಾಕುವಷ್ಟು ಜಾಗ ಬೇಕು. ಕಾರಣ ಈಗ ಬರುತ್ತದೆ.

ಹಳಿ ಒಂದು ಸುತ್ತಿನ ಮೊಟ್ಟೆಯಾಕಾರ, ಹಳಿ ಕವಲೊಡೆಯುವ ಪಾಯಿಂಟ್ ಒಂದೂ ಇಲ್ಲ. ಒಟ್ಟು ಉದ್ದ ಸುಮಾರು 5.6 ಮೀಟರ್. ಎಡ ತಿರುವಿನ ನಡುಮಧ್ಯ ಅತಿ ತಗ್ಗು, ಬಲ ತಿರುವಿನ ನಡುಮಧ್ಯ ಅತಿ ಎತ್ತರ. ಮುಂಭಾಗದಲ್ಲಿ ಗಾಡಿ ಎಡದಿಂದ ಬಲಕ್ಕೆ ಏರುತ್ತದೆ, ಹಿಂಭಾಗದಲ್ಲಿ ಗುಡ್ಡದ ಒಳಗೆ ಕಣ್ಣಿಗೆ ಬೀಳದೆ ಇಳಿಯುತ್ತದೆ. ಗಾಡಿಯನ್ನು ಅಪ್ರದಕ್ಷಿಣೆಯಾಗಿ ಓಡಿಸಿದರೆ ನೋಡುವವರ ಕಣ್ಣಿಗೆ ಅದು ಯಾವಾಗಲೂ ಘಾಟಿ ಏರುತ್ತಲೇ ಇರುತ್ತದೆ. ಹಿಂಬದಿಯ ಗುಡ್ಡಕ್ಕೆ ಗೋಡೆ ಕಟ್ಟದೆ ತೆರೆದಿಡಿ. ಗಾಡಿ ಬೀಳುವುದು ಯಾವಾಗಲೂ ಸುರಂಗದೊಳಗೇ.

ಹಳಿಯ ಕೆಳಗೆ 6 ಮಿ.ಮೀ. ಪ್ಲೈನ 8 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, 25 ಸೆಂ.ಮೀ.ಗೊಂದು ಆಧಾರದ ಮೇಲೆ ಕೂರಿಸಿ. ತಗ್ಗಿನ ಬಿಂದು ಸೊನ್ನೆ; ಅದರ ಮುಂದಿನ ಆಧಾರಗಳು ಅದಕ್ಕಿಂತ ಎಷ್ಟು ಎತ್ತರ ಇರಬೇಕೆಂದರೆ, ಮಿ.ಮೀ. ಲೆಕ್ಕದಲ್ಲಿ: 1, 4, 9, 14, 19, 24, 29, 34, 39, 42, 43. ಅಲ್ಲಿಂದ ಅದೇ ಲೆಕ್ಕ ಹಿಂದುಮುಂದಾಗಿ ಇಳಿಯುತ್ತದೆ. ನಡುವೆ ಪ್ರತಿ 25 ಸೆಂ.ಮೀ.ಗೆ 5 ಮಿ.ಮೀ., ಅದೇ 50ಕ್ಕೆ 1. ಮೊದಲ ಎರಡು ಮತ್ತು ಕೊನೆಯ ಎರಡು ಹೆಜ್ಜೆ ಮೆತ್ತಗಿರುವುದು ಬೇಕೆಂದೇ: ಸಮತಟ್ಟಿನಿಂದ ಏಕಾಏಕಿ ಏರಿದರೆ ಎಂಜಿನ್ನಿನ ನಡುಗಾಲಿಗಳು ಗಾಳಿಯಲ್ಲಿ ನಿಂತು ಕರೆಂಟ್ ತಪ್ಪುತ್ತದೆ, ಕೊಂಡಿಗಳೂ ಕಳಚಿಕೊಳ್ಳುತ್ತವೆ. ಇನ್ನೂ ಕಡಿದಾಗಿ ಏರಿಸುವ ಆಸೆ ಬೇಡ. ತಿರುವು ತಾನೇ ಗಾಡಿಯನ್ನು ಹಿಡಿದೆಳೆಯುತ್ತದೆ, 50 ಸೆಂ.ಮೀ. ತಿರುವಿನಲ್ಲಿ 2% ಏರು ಎಂಜಿನ್‌ಗೆ ಮೂರೂವರೆಯಂತೆ ಭಾರ.

ಹಳಿ ಹಾಕುವುದು

ಪೆಕೋ ಕಂಪನಿಯ ಥರದ 914 ಮಿ.ಮೀ. ಉದ್ದದ ಬಾಗುವ ಹಳಿ ಏಳು ತುಂಡು ಸಾಕು. ನಿಕಲ್ ಸಿಲ್ವರ್ ಹಳಿಯನ್ನೇ ತೆಗೆದುಕೊಳ್ಳಿ. ಉಕ್ಕಿನದು ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅಡಿಯಲ್ಲಿ 3 ಮಿ.ಮೀ. ಕಾರ್ಕ್ ಹಾಳೆ, ಅದಿಲ್ಲದಿದ್ದರೆ ಸ್ಟೇಷನರಿ ಅಂಗಡಿಯ ಫೋಮ್ ಹಾಳೆ ಹಾಕಿ. ಬರೀ ಪ್ಲೈ ಮೇಲೆ ಹಾಕಿದರೆ ಹಲಗೆ ತಮಟೆಯಂತೆ ಸದ್ದು ಮಾಡುತ್ತದೆ.

ತಿರುವಿನಲ್ಲಿ ಎರಡು ತುಂಡು ಸೇರುವ ಜಾಗ ಎಲ್ಲ ತೊಂದರೆಗಳ ತವರು. ಬಾಗಿಸಿದ ಮೇಲೆ ಸೇರಿಸಿದರೆ ತುದಿಗಳು ಮತ್ತೆ ನೆಟ್ಟಗಾಗಲು ಎಳೆದು ಅಲ್ಲೊಂದು ಮೂಲೆ ಹುಟ್ಟುತ್ತದೆ. ಎರಡು ತುಂಡನ್ನೂ ನೇರವಾಗಿಟ್ಟು, ತುದಿಗಳನ್ನು ಸೇರಿಸುವ ಲೋಹದ ಜಾಯಿನರ್ ತೂರಿಸಿ, ಬೆಸುಗೆ ಹಾಕಿ, ಆಮೇಲೆ ಒಟ್ಟಿಗೆ ಬಾಗಿಸಿ. ಬೆಸುಗೆ ಹಳಿಯ ಹೊರಮೈಗೆ ಇರಲಿ; ಒಳಮೈಯಲ್ಲಿ ಚಕ್ರದ ಅಂಚು ಓಡುತ್ತದೆ. ಬೆಸುಗೆಯ ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾಗಿದರೆ ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ, ಆದ್ದರಿಂದ ಎರಡೂ ಪಕ್ಕಕ್ಕೆ ಒದ್ದೆ ಬಟ್ಟೆಯ ಚೂರು ಒತ್ತಿಡಿ. ನೇರ ಭಾಗದ ಜೋಡಣೆಗಳಿಗೆ ಬೆಸುಗೆ ಹಾಕದೆ ಅರ್ಧ ಮಿ.ಮೀ. ಸಂದು ಬಿಡಿ, ಬೇಸಿಗೆ–ಮಳೆಗಾಲಕ್ಕೆ ಮರ ಹಿಗ್ಗಿ ಕುಗ್ಗುತ್ತದೆ.

ಈಗ ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಹಳಿಯ ಒಳಅಂಚಿನ ಮೇಲೆ ಒಂದು ಸುತ್ತು ಎಳೆಯಿರಿ. ಉಗುರು ತಡೆದಲ್ಲೆಲ್ಲ ಚಕ್ರವೂ ತಡೆಯುತ್ತದೆ. ಸಣ್ಣ ಅರದಿಂದ ಓರೆಯಾಗಿ ಎರಡು ಸಲ ಉಜ್ಜಿ, ಮತ್ತೆ ಉಗುರು ಎಳೆಯಿರಿ. ಈ ಕೆಲಸಕ್ಕೆ ಒಂದು ಇಡೀ ಸಂಜೆ ಎತ್ತಿಡಿ.

ವೈರಿಂಗ್ ಕಷ್ಟವಿಲ್ಲ. ಹಲಗೆಯಡಿ ಮನೆ ವೈರಿಂಗಿನ 1.5 ಚ.ಮಿ.ಮೀ. ತಂತಿ ಎರಡು, ಕೆಂಪು ಮತ್ತು ಕಪ್ಪು, ಉದ್ದಕ್ಕೆ ಎಳೆಯಿರಿ. ಪ್ರತಿ ಹಳಿ ತುಂಡಿಗೂ 0.5 ಚ.ಮಿ.ಮೀ. ತಂತಿಯಿಂದ ಒಂದೊಂದು ಜೋಡಿ ಸಂಪರ್ಕ ಕೊಡಿ. ಜಾಯಿನರ್ ನಂಬಿ ಒಂದೇ ಕಡೆ ಕೊಟ್ಟರೆ ಆರು ತಿಂಗಳಲ್ಲಿ ಜಾಯಿನರ್ ಸಡಿಲವಾಗಿ ಗಾಡಿ ದೂರದ ತುದಿಯಲ್ಲಿ ಸೋಲುತ್ತದೆ. ಒಳ ಹಳಿಗೆ ಕೆಂಪು ಕೊಟ್ಟರೆ ಸುತ್ತಲೂ ಕೆಂಪೇ. ಒಂದು ಕಡೆ ಅದಲುಬದಲಾದರೂ ಶಾರ್ಟ್. ಕಂಟ್ರೋಲರ್ 12 ವೋಲ್ಟ್ ಡಿಸಿ, ಒಂದು ಆಂಪಿಯರ್. ಅಮೆರಿಕದಿಂದ ತರಿಸಿದ ಸೆಟ್ಟಿನ ಕಂಟ್ರೋಲರ್ 120 ವೋಲ್ಟಿನದಾಗಿರುತ್ತದೆ. ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಕರೆಂಟ್ ಹೋದ ಕೂಡಲೇ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬಂದಾಗ ಗಾಡಿ ಜಿಗಿಯದಿರಲಿ.

ಬ್ಯಾಂಕರ್ ಮತ್ತು ತೂಕ

ಹಿಂದೆ ಎಂಜಿನ್ ಇಟ್ಟು ತಳ್ಳಿಸುವುದು ನೋಡಲು ಎಷ್ಟು ಚೆಂದವೋ ಅಷ್ಟೇ ಸೂಕ್ಷ್ಮ. ಒಂದೇ ತಯಾರಕರ ಒಂದೇ ಮಾದರಿಯ ಎರಡು ಎಂಜಿನ್ ಬೇಕು. ಎರಡನ್ನೂ ಎರಡೂ ದಿಕ್ಕಿನಲ್ಲಿ ಅರ್ಧರ್ಧ ಗಂಟೆ ಬರಿದೇ ಓಡಿಸಿ ಪಳಗಿಸಿ. ಆಮೇಲೆ ಮೂವತ್ತು ಸೆಂ.ಮೀ. ಅಂತರದಲ್ಲಿ ಬಿಟ್ಟು ನೋಡಿ. ಒಂದು ಸುತ್ತಿನಲ್ಲಿ ಅಂತರ ಒಂದು ಗೇಣಿನಷ್ಟು ಬದಲಾದರೆ ಆ ಜೋಡಿ ಆಗದು. ಸ್ವಲ್ಪ ಚುರುಕಾದದ್ದು ಮುಂದೆ ಇರಲಿ. ಹಿಂದಿನದು ಚುರುಕಾದರೆ ವ್ಯಾಗನ್ನುಗಳನ್ನು ತಿರುವಿನ ಹೊರಕ್ಕೆ ನೂಕುತ್ತದೆ. ಮುಂದಿನದು ಬಹಳ ಚುರುಕಾದರೆ ಹಗ್ಗ ಬಿಗಿದಂತಾಗಿ ಹಗುರ ವ್ಯಾಗನ್ ಒಳಕ್ಕೆ ಮಗುಚುತ್ತದೆ.

ಎರಡಕ್ಕೂ ಮದ್ದು ತೂಕ. ಎಚ್‌ಒ ವ್ಯಾಗನ್ ಒಂದಕ್ಕೆ 28 ಗ್ರಾಂ, ಅದರ ಮೇಲೆ ಪ್ರತಿ ಸೆಂ.ಮೀ. ಉದ್ದಕ್ಕೆ 5.6 ಗ್ರಾಂ ಎನ್ನುವುದು ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆಯ ಶಿಫಾರಸು. ಬಾಕ್ಸ್‌ಎನ್‌ಗೆ ಅದು ಸುಮಾರು 97 ಗ್ರಾಂ. ಅಡುಗೆಮನೆಯ ತೂಕದ ಯಂತ್ರದಲ್ಲಿಟ್ಟು, ಕಡಿಮೆ ಬಿದ್ದಷ್ಟು ವಾಷರ್‌ಗಳನ್ನು ವ್ಯಾಗನ್ನಿನ ತಳಕ್ಕೆ ಅಂಟಿಸಿ, ಮೇಲೆ ಕೆಂಪು ಬಣ್ಣ ಕೊಟ್ಟ ಮರಳು ಹಾಕಿದರೆ ಅದಿರೂ ಆಯಿತು. ಎಲ್ಲ ವ್ಯಾಗನ್ ಒಂದೇ ತೂಕ ಇರಬೇಕು.

ಗಾಡಿ ತಪ್ಪಿದರೆ ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಬೇರೆ ಬೇರೆ ವ್ಯಾಗನ್ ಒಂದೇ ಜಾಗದಲ್ಲಿ ಬಿದ್ದರೆ ಹಳಿಯ ತಪ್ಪು. ಒಂದೇ ವ್ಯಾಗನ್ ಎಲ್ಲೆಲ್ಲೂ ಬಿದ್ದರೆ ಚಕ್ರದ್ದು: ಎರಡು ಚಕ್ರಗಳ ಒಳಮೈಗಳ ನಡುವೆ 14.4 ಮಿ.ಮೀ. ಆಸುಪಾಸು ಇದೆಯೇ ಎಂದು ವರ್ನಿಯರ್ ಹಿಡಿದು ನೋಡಿ.

ಜಲ್ಲಿ, ಗುಡ್ಡ, ಕಾಫಿ ತೋಟ

ರೈಲ್ವೆ ಜಲ್ಲಿ 50 ಮಿ.ಮೀ. ಅಂದುಕೊಂಡರೆ ಇಲ್ಲಿ ಅರ್ಧ ಮಿ.ಮೀ.ಗಿಂತ ತುಸು ದಪ್ಪ. ಎಂ-ಸ್ಯಾಂಡನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ದಪ್ಪದ್ದನ್ನೂ ಹಿಟ್ಟಿನಂಥದ್ದನ್ನೂ ತೆಗೆದುಹಾಕಿ. ಉಳಿದದ್ದರ ಮೇಲೆ ಅಯಸ್ಕಾಂತ ಆಡಿಸಲೇಬೇಕು. ಕಬ್ಬಿಣದ ಕಣ ಉಳಿದರೆ ಎಂಜಿನ್ನಿನ ಮೋಟಾರಿನ ಒಳಗೆ ಹೋಗಿ ಸೇರುತ್ತದೆ. ಒಣಗಿದ್ದಾಗಲೇ ಕುಂಚದಿಂದ ಹರಡಿ, ನೀರು ಸಿಂಪಡಿಸಿ, ಫೆವಿಕಾಲ್ ಮತ್ತು ನೀರು ಸಮಸಮ ಬೆರೆಸಿ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಡ್ರಾಪರ್‌ನಲ್ಲಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಗುಂಡಾಗಿ ನಿಂತು ಜಲ್ಲಿಯನ್ನು ಒಟ್ಟಿಗೆ ಎಬ್ಬಿಸುತ್ತದೆ.

ಗುಡ್ಡಕ್ಕೆ ಥರ್ಮಾಕೋಲ್ ಪದರ, ಮೇಲೆ ಪೇಪರ್ ಮತ್ತು ಫೆವಿಕಾಲ್. ಸುರಂಗದ ಬಾಯಿ ಹಳಿಯ ಮೇಲಿಂದ 8 ಸೆಂ.ಮೀ. ಎತ್ತರ, ತಿರುವಿನಲ್ಲಿ ಅಷ್ಟೇ ಅಗಲ. ಒಳಗೆ ಒಂದು ಗೇಣು ಕಪ್ಪು ಬಣ್ಣ ಬಳಿದರೆ ಸುರಂಗ ಉದ್ದವಿದ್ದಂತೆ ಕಾಣುತ್ತದೆ.

ಕಾಫಿ ಗಿಡದ ಸಾಲು ಸ್ವಲ್ಪ ಲೆಕ್ಕ ಬೇಡುತ್ತದೆ. ಅರೇಬಿಕಾ ಆರಡಿಗೆ ಆರಡಿ ನೆಟ್ಟದ್ದಾದರೆ 2.1 ಸೆಂ.ಮೀ. ಅಂತರ, ರೋಬಸ್ಟಾ ಹತ್ತಡಿಯದಾದರೆ 3.5. ಗಿಡ ಎರಡು ಸೆಂ.ಮೀ. ಎತ್ತರದ ಸ್ಪಂಜಿನ ಉಂಡೆ, ಕಡು ಹಸಿರು. ನೆರಳಿನ ಸಿಲ್ವರ್ ಓಕ್ ನಿಜ ಅಳತೆಯಲ್ಲಿ 25–30 ಸೆಂ.ಮೀ. ಆಗಬಹುದು, ಆದರೆ ಅಷ್ಟು ಎತ್ತರ ನಿಲ್ಲಿಸಿದರೆ ಗುಡ್ಡವೇ ಗಿಡ್ಡವಾಗುತ್ತದೆ. ಹದಿನೈದಕ್ಕೆ ನಿಲ್ಲಿಸಿ. ನೆಲಕ್ಕೆ ಜರಡಿ ಹಿಡಿದು ಬಾಣಲೆಯಲ್ಲಿ ಹುರಿದ ಕೆಂಪು ಮಣ್ಣು ಚೆನ್ನ. ಹೊರಗಿನವರು ಕಾಫಿ ಚರಟ ಬಳಸಿ ಎನ್ನುತ್ತಾರೆ. ನಮ್ಮ ಕಡೆಯ ತೇವಕ್ಕೆ ಅದು ಬೂಸ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ಹಲಗೆಯನ್ನು ಹಳೆಯ ಹತ್ತಿ ಸೀರೆಯಿಂದ ಮುಚ್ಚಿ. ಪ್ಲಾಸ್ಟಿಕ್ ಬೇಡ, ಒಳಗೆ ತೇವ ಕೂರುತ್ತದೆ. ಎಂಜಿನ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಬಹಳ ದಿನದ ನಂತರ ಓಡಿಸುವಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಹಳಿಯ ನೆತ್ತಿ ಒರೆಸಿ, ಬಟ್ಟೆಗೆ ಕಪ್ಪು ಗೆರೆ ಹತ್ತುವುದು ನಿಲ್ಲುವವರೆಗೂ. ಉಪ್ಪುಕಾಗದ ಮುಟ್ಟಿಸಬೇಡಿ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಮೊದಲ ಸುತ್ತು ಎಂಜಿನ್ ಒಂದನ್ನೇ ಬಿಡಿ. ಅದು ಒಂದು ಮೀಟರನ್ನು ಹತ್ತು ಸೆಕೆಂಡಿನಲ್ಲಿ, ಎಲ್ಲೂ ತಡವರಿಸದೆ ದಾಟಿದರೆ ಹಿಂದೆ ವ್ಯಾಗನ್ ಕಟ್ಟಿ.